ಧಮನಿಯ ವಯಸ್ಸು

ಹೃದಯದಿಂದ ಮೈಗೆಲ್ಲ ರಕ್ತವನ್ನು ಒಯ್ಯುವ ನಾಳಕ್ಕೆ ನಮ್ಮ ಹಿರಿಯರು ‘ಧಮನಿ’ ಎಂದು ಹೆಸರಿಟ್ಟರು. ಶಾಲೆಯ ಪುಸ್ತಕಗಳಲ್ಲಿ ಇಂದು ಅದು ‘ಅಪಧಮನಿ’ ಆಗಿದೆ. ಸಂಸ್ಕೃತದ ‘ಧಮ್’ ಎಂಬ ಧಾತುವಿಗೆ ಊದುವುದು ಎಂದರ್ಥ. ಅಕ್ಕಸಾಲಿಗನ ಕುಲುಮೆಗೂ ಶಂಖಕ್ಕೂ ಸಲ್ಲುವ ಮಾತು. ರಕ್ತ ಹರಿಯುವ ಕೊಳವೆಗೂ ಊದುವುದಕ್ಕೂ ಏನು ನಂಟು? ಗ್ರೀಕರ ಕಡೆ ತಿರುಗಿದರೆ ಅಲ್ಲಿಯೂ ಇದೇ ಕತೆ. ಅವರ ‘ಆರ್ಟೀರಿಯ’ ಮೊದಲಿಗೆ ಗಾಳಿಯ ಕೊಳವೆಯ ಹೆಸರು. ಸತ್ತ ಪ್ರಾಣಿಯನ್ನು ಕೊಯ್ದು ನೋಡಿದರೆ ಧಮನಿಗಳು ಬಹುಮಟ್ಟಿಗೆ ಬರಿದಾಗಿರುತ್ತವೆ. ಆದುದರಿಂದ ಅವುಗಳಲ್ಲಿ ಹರಿಯುವುದು ರಕ್ತವಲ್ಲ, ಪ್ರಾಣವಾಯು ಎಂದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಎರಾಸಿಸ್ಟ್ರಾಟಸ್ ನಂಬಿದ್ದ. ನಮ್ಮವರೂ ಇದೇ ಕಾರಣಕ್ಕೆ ಹಾಗೆ ಹೆಸರಿಟ್ಟರೆಂದು ನಾನು ಹಟ ಹಿಡಿಯುವುದಿಲ್ಲ. ನಾವು ಭಾಷೆಯ ಮೇಷ್ಟ್ರುಗಳು ಒಂದು ಧಾತು ಸಿಕ್ಕಿದರೆ ಸಾಕು, ಅದರ ಮೇಲೆ ಅರಮನೆಯನ್ನೇ ಕಟ್ಟಿಬಿಡುವವರು.

ಅದರೊಳಗೆ ಇರುವುದು ರಕ್ತವೇ ಎಂದು ಗೇಲನ್ ತೋರಿಸಿದ. ಆ ರಕ್ತ ಸುತ್ತಿ ಸುತ್ತಿ ಹೃದಯಕ್ಕೇ ಮರಳುತ್ತದೆ ಎಂದು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಸಾಧಿಸಿದ. ಕೊಳವೆಯೊಳಗೆ ಏನಿದೆ ಎಂಬುದು ಹೀಗೆ ತಿಳಿಯಿತು. ಆದರೆ ಆ ಕೊಳವೆಗೇ ಮುಪ್ಪು ಬರುತ್ತದೆ, ಮನುಷ್ಯನ ಮುಪ್ಪಿನ ಬಹುಪಾಲು ಅದೇ ಎಂಬುದು ಬೇರೆಯೇ ಒಂದು ಕತೆ. ಈಗ ಔಷಧದಂಗಡಿಗಳಲ್ಲಿ ‘ದೀರ್ಘಾಯುಷ್ಯದ ಪ್ರೋಟೀನು’ಗಳನ್ನು ಎಚ್ಚರಿಸುತ್ತದೆಂದು ಹೇಳುವ ಡಬ್ಬಿಗಳು ಕಾಣಿಸಿಕೊಂಡಿರುವುದರಿಂದ ಆ ಕತೆಯನ್ನು ಮೊದಲಿನಿಂದ ನೋಡುವುದು ಒಳ್ಳೆಯದೆಂದು ನನಗೆ ತೋರಿತು.

1507ರ ಚಳಿಗಾಲದಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಸಾಂತಾ ಮರಿಯಾ ನುವೋವಾ ಆಸ್ಪತ್ರೆಯಲ್ಲಿ ಒಬ್ಬ ಮುದುಕ ಮಂಚದ ಮೇಲೆ ಕುಳಿತು, ತನಗೆ ನೂರು ವರ್ಷ ದಾಟಿತು, ನಿಶ್ಶಕ್ತಿಯೊಂದನ್ನು ಬಿಟ್ಟರೆ ಮೈಯಲ್ಲಿ ಯಾವ ನೋವೂ ಇಲ್ಲ ಎಂದು ಪಕ್ಕದಲ್ಲಿದ್ದವನಿಗೆ ಹೇಳಿದ. ಕೆಲವು ಗಂಟೆಗಳಲ್ಲಿ, ಹಾಗೆ ಕುಳಿತಂತೆಯೇ, ಪ್ರಾಣ ಬಿಟ್ಟ. ಕೇಳುತ್ತ ಕುಳಿತಿದ್ದವನು ಲಿಯೊನಾರ್ಡೊ ಡ ವಿಂಚಿ. ಇಷ್ಟು ಸುಖವಾದ ಸಾವಿಗೆ ಕಾರಣವೇನಿರಬಹುದೆಂದು ಆತ ಆ ದೇಹವನ್ನು ಕೊಯ್ದು ನೋಡಿದ. ಎರಡು ವರ್ಷದ ಒಂದು ಮಗುವಿನ ದೇಹವನ್ನೂ ನೋಡಿ ಎರಡನ್ನೂ ಹೋಲಿಸಿದ. ಮಗುವಿನ ನಾಳಗಳು ಮೃದುವಾಗಿ, ನೆಟ್ಟಗೆ ಇದ್ದವು. ಮುದುಕನವು ಗೋಡೆ ದಪ್ಪಗಾಗಿ, ದಾರಿ ಕಿರಿದಾಗಿ, ಸೊಟ್ಟಸೊಟ್ಟಗೆ ತಿರುಚಿಕೊಂಡಿದ್ದವು. ಹೃದಯಕ್ಕೆ ಉಣಿಸುವ ನಾಳವೇ ಒಣಗಿದ್ದುದನ್ನು ಆತ ಗುರುತಿಸಿದ. ಕಿತ್ತಳೆ ಹಣ್ಣು ಹಳೆಯದಾದಂತೆ ಸಿಪ್ಪೆ ದಪ್ಪಗಾಗಿ ಒಳಗಿನ ತಿರುಳು ಕುಗ್ಗುತ್ತದಲ್ಲ, ಇದೂ ಹಾಗೆಯೇ ಎಂಬುದು ಆತ ಕೊಟ್ಟ ಹೋಲಿಕೆ. ಅಲಂಕಾರಶಾಸ್ತ್ರ ಪಾಠ ಹೇಳುವವನಾಗಿ ಹೇಳುತ್ತೇನೆ, ಉಪಮೆ ಎಂದರೆ ಇದು: ಅಂದ ಹೆಚ್ಚಿಸುವುದಕ್ಕಲ್ಲ, ಕಣ್ಣು ತೆರೆಸುವುದಕ್ಕೆ. ದುರದೃಷ್ಟವೆಂದರೆ ಈ ಟಿಪ್ಪಣಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಅಚ್ಚಾಗಲಿಲ್ಲ.

ಅಷ್ಟರಲ್ಲಿ, 1830ರ ಆಸುಪಾಸಿನಲ್ಲಿ, ಸ್ಟ್ರಾಸ್‌ಬರ್ಗಿನ ಲೋಬ್‌ಸ್ಟೈನ್ ಎಂಬ ಪಂಡಿತ ಈ ರೋಗಕ್ಕೆ ‘ಆರ್ಟೀರಿಯೊಸ್ಕ್ಲೆರೋಸಿಸ್’ ಎಂದು ಹೆಸರು ಕೊಟ್ಟಿದ್ದ; ಧಮನಿ ಪೆಡಸಾಗುವುದು ಎಂದಷ್ಟೇ ಅದರ ಅರ್ಥ. ಇನ್ನು ಮನುಷ್ಯನ ವಯಸ್ಸನ್ನು ಪಂಚಾಂಗದಿಂದಲ್ಲ, ಅವನ ಧಮನಿಗಳಿಂದ ಎಣಿಸಬೇಕು ಎಂಬರ್ಥದ ಒಂದು ಮಾತು ಡಾಕ್ಟರುಗಳಲ್ಲಿ ಬಹಳ ಪ್ರಸಿದ್ಧ. ಅದನ್ನು ಕೆಲವರು ಹದಿನೇಳನೆಯ ಶತಮಾನದ ಸಿಡನ್‌ಹ್ಯಾಮ್‌ಗೆ ಕಟ್ಟುತ್ತಾರೆ. ಆದರೆ ಸಾಮಾನ್ಯವಾಗಿ ಅದರ ಕೀರ್ತಿ ಸಲ್ಲುವುದು ಫ್ರಾನ್ಸಿನ ಆನ್ರಿ ಕಜಾಲಿಸ್‌ಗೆ (1840-1909). ಈ ಕಜಾಲಿಸ್‌ನ ವಿಚಾರ ಓದಿ ನನಗೆ ಸೋಜಿಗವಾಯಿತು. ಹೊಟ್ಟೆಪಾಡಿಗೆ ವೈದ್ಯ, ಮನಸ್ಸಿಗೆ ಕವಿ. ಜಾ ಲಾಓರ್ ಎಂಬ ಕಾವ್ಯನಾಮ. ಸಾವು ಪಿಟೀಲು ನುಡಿಸುತ್ತ ಅಸ್ಥಿಪಂಜರಗಳನ್ನು ಕುಣಿಸುವ ಆತನ ಕವಿತೆಯಿಂದಲೇ ಸೇಂ-ಸಾನ್ಸ್ ಎಂಬ ಸಂಗೀತಗಾರ 1874ರಲ್ಲಿ ತನ್ನ ಪ್ರಸಿದ್ಧ ವಾದ್ಯರಚನೆಯನ್ನು ಮಾಡಿದ. ಸಾಲದೆಂಬಂತೆ ಈ ಡಾಕ್ಟರು ನಮ್ಮ ಹಿಂದೂ ಸಾಹಿತ್ಯದ ಚರಿತ್ರೆಯನ್ನೂ ಫ್ರೆಂಚ್ ಭಾಷೆಯಲ್ಲಿ ಬರೆದಿದ್ದಾನೆ. ಹತ್ತು ಸಂಪುಟಗಳ ವೈದ್ಯಗ್ರಂಥ ಹೇಳಲಾರದ್ದನ್ನು ಒಂದೇ ವಾಕ್ಯದಲ್ಲಿ ಹಿಡಿಯಲು ಕವಿಯೇ ಬೇಕಾಗಿತ್ತೇನೋ.

ಮಾತು ಸಿಕ್ಕಿತು, ಮದ್ದು ಸಿಗಲಿಲ್ಲ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ರಷ್ಯದ ಮೆಚ್ನಿಕಾಫ್, ದೊಡ್ಡ ಕರುಳಿನಲ್ಲಿ ಕೊಳೆಯುವ ಆಹಾರದ ವಿಷವೇ ಧಮನಿಗಳನ್ನು ಗಟ್ಟಿಮಾಡುತ್ತದೆಂದು ವಾದಿಸಿ, ಹೆಪ್ಪು ಹಾಕಿದ ಹಾಲನ್ನು ಹೊಗಳಿದ. ಯೂರೋಪು ಮೊಸರಿಗೆ ಮುಗಿಬಿತ್ತು. ಮೂರು ಹೊತ್ತೂ ಮಜ್ಜಿಗೆ ಕುಡಿಯುವ ನಾವು ಚಿರಂಜೀವಿಗಳಾಗಬೇಕಾಗಿತ್ತು, ಆಗಲಿಲ್ಲ. 1908ರಲ್ಲಿ ನೊಬೆಲ್ ಬಹುಮಾನ ಪಡೆದ ಆ ಮಹಾಶಯನೂ 1916ರಲ್ಲಿ, ತನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಹೃದಯದ ಕಾಯಿಲೆಯಿಂದಲೇ ತೀರಿಕೊಂಡ. ಸೇಂಟ್ ಪೀಟರ್ಸ್‌ಬರ್ಗಿನ ಅನಿಚ್‌ಕಾಫ್ 1913ರಲ್ಲಿ ಮೊಲಗಳಿಗೆ ಕೊಲೆಸ್ಟೆರಾಲನ್ನು ಎಣ್ಣೆಯಲ್ಲಿ ಕಲಸಿ ತಿನ್ನಿಸಿ ಅವುಗಳ ಧಮನಿಗಳಲ್ಲಿ ಜಿಡ್ಡು ಕಟ್ಟುವುದನ್ನು ತೋರಿಸಿದ. ಅದು ದೊಡ್ಡ ಶೋಧ; ಇಂದು ಲಕ್ಷಾಂತರ ಜನ ನುಂಗುವ ಕೊಲೆಸ್ಟೆರಾಲ್ ಮಾತ್ರೆಯ ವಂಶವೃಕ್ಷದ ಬೇರು ಅಲ್ಲಿದೆ. ಆದರೆ ಜಿಡ್ಡು ಕಟ್ಟುವುದು ಬೇರೆ, ಮುಪ್ಪು ಬೇರೆ. ಜಿಡ್ಡಿಲ್ಲದ ಧಮನಿಯೂ ವಯಸ್ಸಾದಂತೆ ಪೆಡಸಾಗುತ್ತದೆ. ಅದರ ಗೋಡೆಯಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಳೆಗಳು ತುಂಡಾಗುತ್ತವೆ, ಸುಣ್ಣ ಕೂಡುತ್ತದೆ.

ಗೋಡೆಯೆಂದರೆ ಬರಿಯ ಗೋಡೆಯಲ್ಲ ಎಂದು ತಿಳಿದದ್ದು 1980ರಲ್ಲಿ, ಅದೂ ಒಂದು ಅಚಾತುರ್ಯದಿಂದ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ಪಟ್ಟಿಗಳಿಗೆ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಹಾಕಿ ನೋಡುತ್ತಿದ್ದ. ಜೀವಂತ ಪ್ರಾಣಿಯಲ್ಲಿ ನಾಳವನ್ನು ಸಡಿಲಿಸುವ ಆ ದ್ರವ್ಯ ಪಟ್ಟಿಯನ್ನು ಮಾತ್ರ ಬಿಗಿಗೊಳಿಸುತ್ತಿತ್ತು. ಏಕೆಂದು ವರ್ಷಗಳ ಕಾಲ ಅರ್ಥವಾಗಿರಲಿಲ್ಲ. ಒಂದು ಸಲ ಪ್ರಯೋಗದ ಕ್ರಮ ತಪ್ಪಿತು, ಪಟ್ಟಿ ಸಡಿಲಿಸಿತು. ಹುಡುಕಿದಾಗ ಗುಟ್ಟು ಹೊರಬಿತ್ತು. ಪಟ್ಟಿ ಕತ್ತರಿಸುವಾಗ ನಾಳದ ಒಳಮೈಯ ಒಂದೇ ಒಂದು ಪದರದ ಜೀವಕೋಶಗಳು ಉಜ್ಜಿಹೋಗುತ್ತಿದ್ದವು. ಅವು ಉಳಿದರೆ ಮಾತ್ರ ನಾಳ ಸಡಿಲುತ್ತದೆ. ಆ ತೆಳುಪೊರೆ ಹೊರಡಿಸುವ ಸಂದೇಶವಾಹಕ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ಸಿದ್ಧವಾಯಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ನೊಬೆಲ್ ಬಂತು. ವಿಧಿಯ ವಿನೋದ ನೋಡಿ: ನೊಬೆಲ್ ಮಹಾಶಯ ಸಿಡಿಮದ್ದು ಮಾಡಿ ಹಣ ಗಳಿಸಿದ್ದು ನೈಟ್ರೊಗ್ಲಿಸರಿನ್‌ನಿಂದ, ಮುಪ್ಪಿನಲ್ಲಿ ಎದೆನೋವಿಗೆ ಡಾಕ್ಟರು ಬರೆದುಕೊಟ್ಟದ್ದೂ ಅದೇ ನೈಟ್ರೊಗ್ಲಿಸರಿನ್, ಅದು ಕೆಲಸ ಮಾಡುವುದು ಈ ಅನಿಲವನ್ನು ಬಿಡುಗಡೆಮಾಡಿ. ವಯಸ್ಸಾದಂತೆ ಒಳಪೊರೆ ಈ ಅನಿಲವನ್ನು ಒದಗಿಸುವುದು ಕಡಿಮೆಯಾಗುತ್ತದೆ. ಧಮನಿಯ ಮುಪ್ಪಿನ ಮೊದಲ ಗುರುತು ಅದು. ಒಂದು ಬಗೆಯಲ್ಲಿ ‘ಧಮನಿ’ ಎಂದ ಹಿರಿಯರ ಮಾತಿನಲ್ಲಿ ಗಾಳಿ ಪೂರ್ತಿ ಸುಳ್ಳಾಗಲಿಲ್ಲ!

ಇನ್ನು ದೀರ್ಘಾಯುಷ್ಯದ ಪ್ರೋಟೀನುಗಳು. ಪ್ರೋಟೀನೆಂದರೆ ಬೇಳೆಯಲ್ಲಿರುವ ಪುಷ್ಟಿ ಎಂದಷ್ಟೇ ನಾವು ತಿಳಿದಿರುತ್ತೇವೆ. ಜೀವಕೋಶದೊಳಗೆ ಕೆಲಸ ಮಾಡುವ ಆಳುಗಳೆಲ್ಲ ಪ್ರೋಟೀನುಗಳೇ. ಒಂದೊಂದಕ್ಕೆ ಒಂದೊಂದು ಉದ್ಯೋಗ. ಅವುಗಳಲ್ಲಿ ಹೆಸರಾದ ಒಂದು ಮನೆತನ ಪತ್ತೆಯಾದದ್ದು ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನಲ್ಲಿ. 1979ರಲ್ಲಿ, ಪಂಜಾಬ್ ಮೂಲದ ಅಮರ್ ಕ್ಲಾರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಯೀಸ್ಟಿನ ಕೆಲವು ಜೀನುಗಳನ್ನು ಬಾಯಿ ಮುಚ್ಚಿಸಿ ಕೂರಿಸುವ ಒಂದು ಜೀನನ್ನು ಗುರುತಿಸಿದರು. ಮುಂದೆ ಅದಕ್ಕೆ ‘ಸರ್-2’ ಎಂಬ ಹೆಸರು ನಿಂತಿತು. ಆಯುಷ್ಯಕ್ಕೂ ಅದಕ್ಕೂ ಸಂಬಂಧವಿದೆಯೆಂದು ಆಗ ಯಾರ ಕನಸಿನಲ್ಲಿಯೂ ಇರಲಿಲ್ಲ.

1991ರಲ್ಲಿ ಬಾಸ್ಟನ್ ಬಳಿಯ ಎಂ.ಐ.ಟಿ.ಯಲ್ಲಿ ಪ್ರೊಫೆಸರ್ ಲೆನರ್ಡ್ ಗ್ವಾರೆಂಟೆಯ ಕೈಕೆಳಗೆ ಬ್ರಯಾನ್ ಕೆನಡಿ, ನಿಕನೋರ್ ಆಸ್ಟ್ರಿಯಾಕೊ ಎಂಬ ಇಬ್ಬರು ವಿದ್ಯಾರ್ಥಿಗಳು ಯೀಸ್ಟಿಗೆ ಮುಪ್ಪು ಹೇಗೆ ಬರುತ್ತದೆಂದು ನೋಡಲು ಹೊರಟರು. ತಾಯಿ ಕೋಶವೊಂದು ಇಪ್ಪತ್ತು ಚಿಲ್ಲರೆ ಸಲ ಮರಿಹಾಕಿ ನಿಂತುಹೋಗುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಂಥ ಮೊನೆಯಿಂದ ಪ್ರತಿಯೊಂದು ಮರಿಯನ್ನೂ ಬೇರ್ಪಡಿಸಿ ಎಣಿಸಬೇಕು. ಎಂಥ ಬೇಸರದ ಕೆಲಸ! (ಈ ಆಸ್ಟ್ರಿಯಾಕೊ ಮುಂದೆ ಕ್ರೈಸ್ತ ಪಾದ್ರಿಯಾದರು, ಆ ತಾಳ್ಮೆ ಅಲ್ಲಿಯೇ ಕಲಿತದ್ದಿರಬೇಕು.) ಎಣಿಕೆ ವರ್ಷಗಟ್ಟಲೆ ನಡೆಯಿತು. 1999ರಲ್ಲಿ ಅದೇ ಪ್ರಯೋಗಶಾಲೆಯವರು ಯೀಸ್ಟಿಗೆ ಸರ್-2 ಜೀನಿನ ಇನ್ನೊಂದು ಪ್ರತಿ ಕೊಟ್ಟರೆ ಆಯುಷ್ಯ ಶೇಕಡ 30ರಷ್ಟು ಬೆಳೆಯುತ್ತದೆಂದು ತೋರಿಸಿದರು. ಮರುವರ್ಷ, ಈ ಪ್ರೋಟೀನು ತನ್ನ ಕೆಲಸಕ್ಕೆ ಎನ್.ಎ.ಡಿ. ಎಂಬ ದ್ರವ್ಯವನ್ನು ವೆಚ್ಚಮಾಡುತ್ತದೆಂಬುದು ತಿಳಿಯಿತು. ಈ ಎನ್.ಎ.ಡಿ.ಯನ್ನು ನೆನಪಿಡಿ. ಮನುಷ್ಯರಲ್ಲಿ ಸರ್-2ರ ಏಳು ಜನ ನೆಂಟರಿದ್ದಾರೆ, ಒಟ್ಟಾಗಿ ಸಿರ್ಟುಯಿನ್‌ಗಳು. ಅವರಲ್ಲಿ ಮೊದಲನೆಯದು, ನೈಟ್ರಿಕ್ ಆಕ್ಸೈಡನ್ನು ತಯಾರಿಸುವ ಕಿಣ್ವಕ್ಕೆ ಅಂಟಿಕೊಂಡಿರುವ ಒಂದು ಪುಟ್ಟ ಅಣುಗುಂಪನ್ನು ಬಿಡಿಸಿ ಅದನ್ನು ಚುರುಕುಗೊಳಿಸುತ್ತದೆಂದು 2007ರಲ್ಲಿ ಕಂಡುಬಂತು. ಯೀಸ್ಟಿನ ಎಣಿಕೆ ಹೀಗೆ ನಮ್ಮ ಧಮನಿಯ ಒಳಪೊರೆಯವರೆಗೆ ಬಂದು ಮುಟ್ಟಿತು.

ವಿಜ್ಞಾನ ಇಲ್ಲಿಗೆ ಬರುವಷ್ಟರಲ್ಲಿ ವ್ಯಾಪಾರ ಮುಂದೆ ಓಡಿಯಾಗಿತ್ತು. ಕೆಂಪು ದ್ರಾಕ್ಷಾರಸದಲ್ಲಿರುವ ರೆಸ್ವೆರಟ್ರಾಲ್ ಎಂಬ ವಸ್ತು ಸಿರ್ಟುಯಿನನ್ನು ಎಬ್ಬಿಸುತ್ತದೆಂದು 2003ರಲ್ಲಿ ವರದಿಯಾಯಿತು. 2004ರಲ್ಲಿ ಸರ್ಟ್ರಿಸ್ ಎಂಬ ಕಂಪನಿ ಹುಟ್ಟಿತು. 2008ರಲ್ಲಿ ಗ್ಲಾಕ್ಸೊಸ್ಮಿತ್‌ಕ್ಲೈನ್ ಅದನ್ನು 72 ಕೋಟಿ ಡಾಲರಿಗೆ ಕೊಂಡಿತು. 2010ರಲ್ಲಿ ಇತರ ರಸಾಯನಶಾಸ್ತ್ರಜ್ಞರು ಆ ಎಬ್ಬಿಸುವಿಕೆ ಪ್ರಯೋಗದ ವಿಧಾನದಿಂದಲೇ ಹುಟ್ಟಿದ ಭ್ರಮೆಯಿರಬಹುದೆಂದರು. 2011ರಲ್ಲಿ ಹುಳುಗಳ, ಹಣ್ಣಿನ ನೊಣಗಳ ಆಯುಷ್ಯ ಹೆಚ್ಚಿತೆಂಬ ಹಳೆಯ ಲೆಕ್ಕವೂ ಅಲುಗಾಡಿತು. 2013ರಲ್ಲಿ ಸರ್ಟ್ರಿಸ್‌ನ ಕಚೇರಿ ಮುಚ್ಚಿತು. ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಅದು ಅವರ ಧರ್ಮ. ಡಬ್ಬಿಗಳು ಮಾತ್ರ ಅಂಗಡಿಯಿಂದ ಇಳಿಯಲಿಲ್ಲ.

ಎರಡನೆಯ ಪ್ರೋಟೀನಿನ ಕತೆ ನನಗೆ ಹೆಚ್ಚು ಪ್ರಿಯ. ಜಪಾನಿನ ಹೃದ್ರೋಗವೈದ್ಯ ಮಕೋಟೊ ಕುರೊ-ಒ ರಕ್ತದೊತ್ತಡದ ಅಧ್ಯಯನಕ್ಕೆಂದು ಇಲಿಗಳೊಳಗೆ ಹೊರಗಿನ ಒಂದು ಜೀನನ್ನು ಸೇರಿಸುತ್ತಿದ್ದರು. ಅದು ಒಂದು ಇಲಿಯ ವಂಶದಲ್ಲಿ ಎಲ್ಲಿಯೋ ಹೋಗಿ ಕುಳಿತು ಅಲ್ಲಿದ್ದ ಜೀನೊಂದನ್ನು ಕೆಡಿಸಿತು. ಆ ಇಲಿಗಳು ಮೂರು ನಾಲ್ಕು ವಾರ ಚೆನ್ನಾಗಿದ್ದು ಬೆಳವಣಿಗೆ ನಿಲ್ಲಿಸಿದವು. ಚರ್ಮ ತೆಳುವಾಯಿತು, ಮೂಳೆ ಸವೆಯಿತು, ಧಮನಿಗಳಲ್ಲಿ ಸುಣ್ಣ ಕಟ್ಟಿತು. ಸುಮಾರು ಎರಡು ತಿಂಗಳಿಗೆ ಮುದಿಯಾಗಿ ಸತ್ತವು. ರಕ್ತದೊತ್ತಡವನ್ನು ಹುಡುಕಿದವರಿಗೆ ಮುಪ್ಪೇ ಸಿಕ್ಕಿತು. 1997ರಲ್ಲಿ ಅದನ್ನು ಪ್ರಕಟಿಸುತ್ತ ಕೆಟ್ಟುಹೋದ ಜೀನಿಗೆ ಅವರು ಇಟ್ಟ ಹೆಸರು ‘ಕ್ಲೋಥೊ’. ಗ್ರೀಕರ ಮೂವರು ವಿಧಿದೇವತೆಯರಲ್ಲಿ ಬಾಳಿನ ದಾರವನ್ನು ನೂಲುವವಳು. ನಮ್ಮಲ್ಲಿ ವಿಧಿ ಹಣೆಯ ಮೇಲೆ ಬರೆಯುತ್ತದೆ, ಅವರಲ್ಲಿ ನೂಲುತ್ತದೆ. ಬರಹವನ್ನು ತಿದ್ದುವುದು ಕಷ್ಟ. ನೂಲನ್ನಾದರೆ ಇನ್ನಷ್ಟು ಎಳೆಯಬಹುದು. ಕುರೊ-ಒ ಸಂಗಡಿಗರು ಎಳೆದೂ ತೋರಿಸಿದರು: 2005ರಲ್ಲಿ, ಕ್ಲೋಥೊ ಹೆಚ್ಚಾಗಿರುವಂತೆ ಮಾಡಿದ ಇಲಿಗಳು ಶೇಕಡ 20ರಿಂದ 30ರಷ್ಟು ಹೆಚ್ಚು ಕಾಲ ಬದುಕಿದವು.

ಈ ಪ್ರೋಟೀನು ಹೆಚ್ಚಾಗಿ ತಯಾರಾಗುವುದು ಮೂತ್ರಪಿಂಡದಲ್ಲಿ. ಮೈಯಲ್ಲಿ ಮಿಕ್ಕ ಫಾಸ್ಫೇಟನ್ನು ಹೊರಹಾಕಲು ಅದು ಬೇಕು. ಅದಿಲ್ಲದಿದ್ದರೆ ಫಾಸ್ಫೇಟು ಏರಿ ನಾಳದ ಗೋಡೆ ಮೂಳೆಯ ಚಾಳಿ ಹಿಡಿಯುತ್ತದೆ. ಆ ನತದೃಷ್ಟ ಇಲಿಗಳಿಗೆ ಫಾಸ್ಫೇಟು ಕಡಿಮೆಯಿರುವ ಆಹಾರ ಕೊಟ್ಟಾಗ ಮುಪ್ಪಿನ ಎಷ್ಟೋ ಲಕ್ಷಣಗಳು ಹಿಂದಾದವು. ಮೂತ್ರಪಿಂಡ ಕೆಟ್ಟವರ ಧಮನಿಗಳು ಎಳೆವಯಸ್ಸಿನಲ್ಲಿಯೇ ಸುಣ್ಣಗಟ್ಟುವುದೇಕೆ ಎಂಬ ಹಳೆಯ ಒಗಟಿಗೆ ಇಲ್ಲಿ ಬೆಳಕು ಬಿತ್ತು. ಕ್ಲೋಥೊವನ್ನು ಮದ್ದಾಗಿ ಮನುಷ್ಯರಿಗೆ ಕೊಡುವ ಮಾತು ಬೇರೆ. ಅದಕ್ಕೆ ದಾರಿ ದೂರವಿದೆ.

ಈಗ ಎನ್.ಎ.ಡಿ.ಗೆ ಬರೋಣ. 1906ರಲ್ಲಿ ಲಂಡನ್ನಿನ ಹಾರ್ಡನ್ ಮತ್ತು ಯಂಗ್ ಇದನ್ನು ಯೀಸ್ಟಿನ ರಸದಲ್ಲಿಯೇ ಕಂಡಿದ್ದರು. ಇದನ್ನು ಮೈ ತಯಾರಿಸಿಕೊಳ್ಳುವುದು ನಿಯಾಸಿನ್ ಎಂಬ ಜೀವಸತ್ವದಿಂದ. ಆ ಜೀವಸತ್ವ ಸಾಲದೆ ಬರುವ ಪೆಲಾಗ್ರ ರೋಗ, ಹೆಚ್ಚಾಗಿ ಮುಸುಕಿನ ಜೋಳ ತಿನ್ನುವವರದೆಂದು ಪಾಶ್ಚಾತ್ಯರು ಬರೆದಿದ್ದರು. ಆದರೆ ನಮ್ಮ ದಖ್ಖನ್ನಿನಲ್ಲಿ ಬಿಳಿಜೋಳವನ್ನೇ ನಂಬಿದ ಬಡವರಲ್ಲಿಯೂ ಅದು ಕಾಣಿಸಿತು. ಹೈದರಾಬಾದಿನ ಪೋಷಣ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಜೋಳದಲ್ಲಿ ಮಿತಿಮೀರಿದ ಲ್ಯೂಸೀನ್ ಇದಕ್ಕೆ ಕಾರಣವಿರಬಹುದೆಂದು 1960ರಲ್ಲಿ ಸೂಚಿಸಿದರು. ಜಗತ್ತಿನ ಒಂದು ಕಡೆ ಎನ್.ಎ.ಡಿ. ಹೆಚ್ಚಿಸಿಕೊಂಡು ನೂರು ವರ್ಷ ಬಾಳುವ ಚಿಂತೆ. ಇನ್ನೊಂದು ಕಡೆ ಅದು ಸಾಲದೆ ಕೈಕಾಲಿನ ಚರ್ಮ ಸುಲಿದುಹೋದ ಕೂಲಿಗಾರ. ಎರಡೂ ಒಂದೇ ದ್ರವ್ಯದ ಚರಿತ್ರೆ ಎಂಬುದನ್ನು ಡಬ್ಬಿಯ ಮೇಲಿನ ಚೀಟಿ ಹೇಳುವುದಿಲ್ಲ. (ಗೋಪಾಲನ್ ಅವರೇ 2019ರಲ್ಲಿ ತೀರಿಕೊಂಡಾಗ ಅವರಿಗೆ ನೂರು ತುಂಬಿತ್ತು.)

ಮುದಿ ಇಲಿಗಳಿಗೆ ಎನ್.ಎ.ಡಿ.ಯ ಪೂರ್ವದ್ರವ್ಯಗಳನ್ನು ಕೊಟ್ಟರೆ ಧಮನಿಗಳ ಪೆಡಸು ತಗ್ಗುತ್ತದೆಂದು 2016ರಲ್ಲಿಯೂ, ಸ್ನಾಯುಗಳಲ್ಲಿ ಹೊಸ ಕಿರುನಾಳಗಳು ಮೂಡಿ ಅವು ಹೆಚ್ಚು ದೂರ ಓಡುತ್ತವೆಂದು 2018ರಲ್ಲಿಯೂ ವರದಿಗಳು ಬಂದವು. ನನಗೆ ಒಂದು ಕಾಲಕ್ಕೆ ಪಾಠ ಹೇಳಿದ ಗುರುಗಳೊಬ್ಬರಿದ್ದಾರೆ. ನಿವೃತ್ತರಾಗಿ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಪಿಂಚಣಿಯಲ್ಲಿ ತಿಂಗಳಿಗೆ ಕೆಲವು ಸಾವಿರ ರೂಪಾಯಿ ಈ ಡಬ್ಬಿಗೆ ಹೋಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ದಿನ ಅವರು, “ನೋಡಯ್ಯಾ, ಇದು ಮೂಲಕ್ಕೇ ಮದ್ದು. ಇನ್ನು ಆ ಬಿ.ಪಿ. ಮಾತ್ರೆ ಯಾಕೆ? ಬಿಟ್ಟುಬಿಡೋಣ ಅಂತಿದೀನಿ” ಎಂದರು. ನನಗೆ ಎದೆ ಧಸಕ್ಕೆಂದಿತು.

ನಮ್ಮ ತಂದೆ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು. ತಲೆನೋವಿಲ್ಲ, ತಲೆಸುತ್ತಿಲ್ಲ, ಮಾತ್ರೆ ಯಾತಕ್ಕೆ ಎಂದು ಅವರೂ ಬಿಟ್ಟಿದ್ದರು. ಧಮನಿಗೆ ಬಾಯಿಲ್ಲವಷ್ಟೆ. ಬಲಗೈ ಬಿದ್ದುಹೋದ ಮೇಲೆ ಆರು ವರ್ಷ ಎಡಗೈಯಲ್ಲಿ ಅಕ್ಷರ ತಿದ್ದುತ್ತ ಕುಳಿತಿದ್ದರು. ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದ ಮನುಷ್ಯ.

ಗುರುಗಳಿಗೆ ಉಪದೇಶ ಮಾಡುವಂತಿಲ್ಲ. “ಸಾರ್, ಎರಡು ಲೆಕ್ಕ ಹೇಳುತ್ತೇನೆ, ತಾವೇ ನೋಡಿ” ಎಂದೆ. 2018ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಈ ಡಬ್ಬಿಯ ಸೋದರನನ್ನು ಮನುಷ್ಯರ ಮೇಲೆ ನೋಡಿದರು: 55ರಿಂದ 79 ವರ್ಷದ, ಆರೋಗ್ಯವಂತರಾದ 24 ಜನ, ಆರು ವಾರ. ರಕ್ತದಲ್ಲಿ ಎನ್.ಎ.ಡಿ. ಏರಿತು, ಒತ್ತಡ ಮೊದಲೇ ತುಸು ಹೆಚ್ಚಿದ್ದವರಲ್ಲಿ ಅದು ಇಳಿಯುವ ಸೂಚನೆ, ಮಹಾಧಮನಿಯ ಪೆಡಸು ತಗ್ಗುವ ಸೂಚನೆ ಕಂಡಿತು. ದೊಡ್ಡ ಪರೀಕ್ಷೆ ಬೇಕೆಂದು ಅವರೇ ಬರೆದರು. ಇನ್ನೊಂದು ಲೆಕ್ಕ 1967ರದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ಮತ್ತು ಸಂಗಡಿಗರು ಒತ್ತಡ ಬಹಳ ಏರಿದ್ದ 143 ಗಂಡಸರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಮಾತ್ರೆಯನ್ನೂ ಒಂದಕ್ಕೆ ಮಾತ್ರೆಯಂತೆ ಕಾಣುವ ಬರಿಯ ಗುಳಿಗೆಯನ್ನೂ ಕೊಟ್ಟರು. ಗುಳಿಗೆಯವರಲ್ಲಿ 27 ಜನಕ್ಕೆ ಗಂಡಾಂತರ ಬಂತು, ನಾಲ್ವರು ಸತ್ತರು. ಮಾತ್ರೆಯವರಲ್ಲಿ ಗಂಡಾಂತರ ಇಬ್ಬರಿಗೆ, ಸಾವು ಇಲ್ಲ. ಆ ಮಾತ್ರೆಯಲ್ಲಿದ್ದ ಮೂರು ಔಷಧಗಳಲ್ಲಿ ಒಂದು ರೆಸರ್ಪಿನ್, ಎಂದರೆ ನಮ್ಮ ಸರ್ಪಗಂಧಿಯ ಬೇರಿನ ಸಾರ. ಸರ್ಪಗಂಧಿ ರಕ್ತದೊತ್ತಡವನ್ನು ಇಳಿಸುತ್ತದೆಂದು ಮುಂಬಯಿಯ ಡಾ. ರುಸ್ತುಂ ವಕೀಲ್ 1949ರಲ್ಲಿ ಇಂಗ್ಲೆಂಡಿನ ಪತ್ರಿಕೆಯಲ್ಲಿ ಬರೆದ ಮೇಲೆಯೇ ಪಶ್ಚಿಮದವರ ಕಣ್ಣು ಅದರತ್ತ ತಿರುಗಿದ್ದು. 2015ರಲ್ಲಿ ಮುಗಿದ ಇನ್ನೊಂದು ಪರೀಕ್ಷೆಯಲ್ಲಿ 9,361 ಜನರಿದ್ದರು. ಮೇಲಿನ ಒತ್ತಡವನ್ನು 140ಕ್ಕೆ ಬದಲು 120ರ ಕೆಳಗೆ ಇಳಿಸಹೊರಟ ಪಂಗಡದಲ್ಲಿ ಸಾವು ಕಾಲುಭಾಗಕ್ಕಿಂತ ಹೆಚ್ಚು ತಗ್ಗಿದ್ದರಿಂದ ಅವಧಿಗೆ ಮುಂಚೆಯೇ ಅದನ್ನು ನಿಲ್ಲಿಸಿದರು.

ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್ಪಗಂಧಿಯೇ?” ಎಂದರು. ಈಗ ಅವರು ಮಾತ್ರೆಯನ್ನೂ ಬಿಟ್ಟಿಲ್ಲ, ಡಬ್ಬಿಯನ್ನೂ ಬಿಟ್ಟಿಲ್ಲ.

ಹುಡುಕಾಟ ನಿಂತಿಲ್ಲ, ನಿಲ್ಲಬಾರದು ಕೂಡ. ಒತ್ತಡ ಇಳಿಸುವ ಮಾತ್ರೆ ಗೋಡೆಯ ಮೇಲಿನ ಹೊರೆಯನ್ನು ಇಳಿಸುತ್ತದೆಯೇ ಹೊರತು ಮುಪ್ಪಾದ ಗೋಡೆಯನ್ನು ಹೊಸದು ಮಾಡುವುದಿಲ್ಲ. ಇತ್ತೀಚಿನ ಸುದ್ದಿ ಮತ್ತೆ ಇಟಲಿಯಿಂದಲೇ ಬಂದಿದೆ. ಅನ್ನಿಬಾಲೆ ಪುಕಾ ಎಂಬ ವಿಜ್ಞಾನಿ ದಕ್ಷಿಣ ಇಟಲಿಯ ಶತಾಯುಷಿಗಳ ರಕ್ತವನ್ನು ಪರೀಕ್ಷಿಸುತ್ತ, ಬಿಪಿಐಎಫ್‌ಬಿ-4 ಎಂಬ ಪ್ರೋಟೀನಿನ ಒಂದು ರೂಪ ಅವರಲ್ಲಿ ಹೆಚ್ಚಾಗಿರುವುದನ್ನು ಕಂಡರು. ಅದು ಒಳಪೊರೆಯಿಂದ ನೈಟ್ರಿಕ್ ಆಕ್ಸೈಡನ್ನು ಹೊರಡಿಸುವ ಅದೇ ಕಿಣ್ವವನ್ನು ಚುರುಕುಗೊಳಿಸುತ್ತದೆಂದು 2015ರಲ್ಲಿ ಪ್ರಕಟವಾಯಿತು. 2023ರಲ್ಲಿ ಬ್ರಿಸ್ಟಲ್ಲಿನ ಪಾವೊಲೊ ಮದೆದ್ದು ಅವರೊಡಗೂಡಿ ಆ ಜೀನನ್ನು ಮುದಿ ಇಲಿಗಳಿಗೆ ಕೊಟ್ಟಾಗ ಹೃದಯದ ಮುಪ್ಪು ಹಿಂದೆ ಸರಿಯಿತು. ಅವರ ಲೆಕ್ಕದಲ್ಲಿ ಮನುಷ್ಯರ ಹತ್ತು ವರ್ಷಕ್ಕೆ ಸಮನಾಗಿ. ಹೃದ್ರೋಗವಿದ್ದ ವೃದ್ಧರ ಹೃದಯದಿಂದ ತೆಗೆದ ಜೀವಕೋಶಗಳಿಗೆ ಗಾಜಿನ ತಟ್ಟೆಯಲ್ಲಿ ಅದನ್ನು ಸೇರಿಸಿದಾಗ, ಹೊಸ ರಕ್ತನಾಳ ಕಟ್ಟುವುದಕ್ಕೆ ನೆರವಾಗುವ ಕೋಶಗಳು ಮತ್ತೆ ಕೆಲಸಕ್ಕೆ ತೊಡಗಿದವು.